ಹಳೆ ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸುವುದು: ಯಾವ ಮನೆಗೆ ಯಾವ ದಾರಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನ ಪ್ರೊಸೆಸರ್ ಬೇಕು. ಹಾಗಾಗಿ ಕೀಬೋರ್ಡ್, ಡಿಸ್ಕ್ ಎಲ್ಲಾ ಚೆನ್ನಾಗಿದ್ದೂ ಎಷ್ಟೋ ಲ್ಯಾಪ್‌ಟಾಪ್‌ಗಳು ಬೀರು ಸೇರಿವೆ. ಗುಜರಿಗೆ ಹಾಕಿದರೆ ಸಿಗುವ ದುಡ್ಡು ಅಷ್ಟಕ್ಕಷ್ಟೇ. ಅದೇ ಯಂತ್ರಕ್ಕೆ ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿ ಟಿವಿಗೆ ಜೋಡಿಸಿದರೆ ಇನ್ನೂ ಕೆಲವು ವರ್ಷ ಆರಾಮಾಗಿ ದುಡಿಯುತ್ತದೆ.

ಹೇಗೆ ಜೋಡಿಸಬೇಕು ಅಂತ ಕೇಳಿದರೆ ಥಟ್ಟನೆ ಬರುವ ಉತ್ತರ "ಕೋಡಿ ಹಾಕಿ" ಅಂತ. ಕೋಡಿ ಅಂದರೆ ಸಿನಿಮಾ, ಹಾಡು, ಫೋಟೋಗಳನ್ನು ಟಿವಿ ಪರದೆಗೆ ಒಪ್ಪುವಂತೆ ತೋರಿಸುವ ಸಾಫ್ಟ್‌ವೇರ್. ಒಳ್ಳೆಯದೇ, ಸಂದೇಹವಿಲ್ಲ. ಆದರೆ ಎಲ್ಲ ಮನೆಗೂ ಅದೇ ಉತ್ತರ ಅಲ್ಲ. ಸಾಫ್ಟ್‌ವೇರ್ ಆರಿಸುವ ಮೊದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು: ವಿಡಿಯೋ ಬಿಚ್ಚುವ ಕೆಲಸ ಯಾರದ್ದು, ಲ್ಯಾಪ್‌ಟಾಪಿನದೋ ಟಿವಿಯದೋ?

ವಿಡಿಯೋ ಫೈಲುಗಳನ್ನು ಒತ್ತಿ ಚಿಕ್ಕದು ಮಾಡಿರುತ್ತಾರೆ. ಅದನ್ನು ಬಿಚ್ಚಿ ಚಿತ್ರವಾಗಿ ತೋರಿಸುವುದೇ ಇಲ್ಲಿ ಭಾರದ ಕೆಲಸ. ಇದಕ್ಕೆ ಡಿಕೋಡಿಂಗ್ ಅನ್ನುತ್ತಾರೆ. ನಿಮ್ಮ ಟಿವಿ ಹಳೆಯ ಸಾದಾ ಎಲ್‌ಇಡಿ ಆಗಿದ್ದರೆ ಆ ಕೆಲಸ ಲ್ಯಾಪ್‌ಟಾಪೇ ಮಾಡಬೇಕು, ಟಿವಿ ಬರೀ ಪರದೆ. ಟಿವಿ ಹೊಸದಾಗಿದ್ದು ಲ್ಯಾಪ್‌ಟಾಪ್ ತೀರಾ ಹಳೆಯದಾಗಿದ್ದರೆ ಭಾರವನ್ನು ಟಿವಿಗೇ ಬಿಡಿ. ಲ್ಯಾಪ್‌ಟಾಪ್ ಫೈಲುಗಳನ್ನು ಇಟ್ಟುಕೊಂಡು ಹಂಚಿದರೆ ಸಾಕು. ಇದೊಂದು ಇತ್ಯರ್ಥ ಆದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಮೊದಲು ಪ್ರೊಸೆಸರಿನ ವಯಸ್ಸು ನೋಡಿ

ರ‍್ಯಾಮ್ ಎಷ್ಟಿದೆ ಅಂತ ಎಲ್ಲರೂ ನೋಡುತ್ತಾರೆ. ವಿಡಿಯೋ ವಿಷಯದಲ್ಲಿ ಅದಕ್ಕಿಂತ ಮುಖ್ಯ, ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಯಾವ ಯಾವ ರೂಪದ ವಿಡಿಯೋವನ್ನು ತಾನೇ ಬಿಚ್ಚಬಲ್ಲದು ಎಂಬುದು. ಇಂಟೆಲ್‌ನಲ್ಲಿ 2011ರ 2ನೇ ತಲೆಮಾರಿನಿಂದ ಎಚ್.264 ಎಂಬ ರೂಪ ಸಲೀಸಾಗಿ ನಡೆಯುತ್ತದೆ. ಎಚ್.265, ಅಂದರೆ ಎಚ್‌ಇವಿಸಿ, 2015ರ 6ನೇ ತಲೆಮಾರಿನಿಂದ ಬಂತು. ಅದರ 10-ಬಿಟ್ ರೂಪ ಮತ್ತು ವಿಪಿ9 ಎಂಬ ಇನ್ನೊಂದು ರೂಪ ಎರಡೂ ಸರಿಯಾಗಿ ನಡೆಯುವುದು 7ನೇ ತಲೆಮಾರಿನಿಂದ. ಎವಿ1 ಬೇಕೆಂದರೆ 2020ರ 11ನೇ ತಲೆಮಾರೇ ಆಗಬೇಕು.

ಇದರ ಅರ್ಥ ಇಷ್ಟು. 2012ರಲ್ಲಿ ಕೊಂಡ 3ನೇ ತಲೆಮಾರಿನ ಐ5 ಲ್ಯಾಪ್‌ಟಾಪ್ ಎಚ್.264ರ 1080ಪಿ ಸಿನಿಮಾವನ್ನು ಫ್ಯಾನ್ ಸದ್ದಿಲ್ಲದೆ ತೋರಿಸುತ್ತದೆ. ಅದಕ್ಕೇ 10-ಬಿಟ್ ಎಚ್‌ಇವಿಸಿ ಫೈಲ್ ಕೊಟ್ಟರೆ ಪೂರ್ತಿ ಭಾರ ಪ್ರೊಸೆಸರ್ ಮೇಲೆ ಬೀಳುತ್ತದೆ. ಯಂತ್ರ ಬಿಸಿಯಾಗುತ್ತದೆ, 4ಕೆ ಆದರಂತೂ ಚಿತ್ರ ತಡವರಿಸುತ್ತದೆ. 16 ಜಿಬಿ ರ‍್ಯಾಮ್ ಹಾಕಿದರೂ ಇದು ಬದಲಾಗುವುದಿಲ್ಲ.

ನಿಮ್ಮ ಯಂತ್ರಕ್ಕೆ ಏನು ಬರುತ್ತದೆ ಅಂತ ತಿಳಿಯಲು ಲಿನಕ್ಸ್‌ನಲ್ಲಿ ವಿಎಇನ್ಫೋ ಅನ್ನುವ ಪುಟ್ಟ ಪ್ರೋಗ್ರಾಮ್ ಇದೆ. ಇನ್‌ಸ್ಟಾಲ್ ಮಾಡಿ ಟರ್ಮಿನಲ್‌ನಲ್ಲಿ ಓಡಿಸಿದರೆ ಒಂದು ಪಟ್ಟಿ ಬರುತ್ತದೆ. ಪ್ರತಿ ಸಾಲಿನ ಎಡಗಡೆ ವಿಡಿಯೋ ರೂಪದ ಹೆಸರು, ಬಲಗಡೆ ಯಂತ್ರ ಮಾಡಬಲ್ಲ ಕೆಲಸ. ಎಚ್264 ಹೈ ಎಂಬ ಸಾಲಿನ ಬಲಕ್ಕೆ ಕೊನೆಯಲ್ಲಿ ವಿಎಲ್‌ಡಿ ಅಂತಿದ್ದರೆ ಅದನ್ನು ಬಿಚ್ಚಬಲ್ಲದು ಅಂತ ಲೆಕ್ಕ. ಎನ್‌ಸ್ಲೈಸ್ ಅಂತಿದ್ದರೆ ಅದು ಒತ್ತುವ ಕೆಲಸ, ನೋಡುವುದಕ್ಕೆ ಸಂಬಂಧವಿಲ್ಲ. ಎಚ್‌ಇವಿಸಿ ಮೇನ್10 ಎಂಬ ಸಾಲು ಕಂಡರೆ ನಿಮ್ಮ ಅದೃಷ್ಟ, ಇವತ್ತಿನ ಬಹುತೇಕ ಫೈಲುಗಳು ಓಡುತ್ತವೆ. ಪಟ್ಟಿಯೇ ಬಾರದೆ ದೋಷ ತೋರಿಸಿದರೆ ಡ್ರೈವರ್ ಇಲ್ಲ ಅಂತ. ಇಂಟೆಲ್‌ನ 4ನೇ ತಲೆಮಾರಿನವರೆಗೆ ಐ965 ಡ್ರೈವರ್, 5ನೆಯದರಿಂದ ಮುಂದಕ್ಕೆ ಇಂಟೆಲ್ ಮೀಡಿಯಾ ಡ್ರೈವರ್ ಹಾಕಿ ಮತ್ತೆ ನೋಡಿ.

ದಾರಿ ಒಂದು: ಕೇಬಲ್ ಹಾಕಿ, ಸಾದಾ ಲಿನಕ್ಸ್ ಇಡಿ

ಹೆಚ್ಚಿನವರಿಗೆ ನಾನು ಹೇಳುವುದು ಇದನ್ನೇ. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ. 2 ಜಿಬಿ ರ‍್ಯಾಮ್‌ನಲ್ಲೂ ಓಡುತ್ತದೆ, 4 ಜಿಬಿ ಇದ್ದರೆ ನೆಮ್ಮದಿ. ಎಚ್‌ಡಿಎಂಐ ಕೇಬಲ್ ಚುಚ್ಚಿ. ಫೈಲುಗಳಿಗೆ ವಿಎಲ್‌ಸಿ ಅಥವಾ ಎಂಪಿವಿ ಎಂಬ ವಿಡಿಯೋ ಪ್ಲೇಯರ್, ಉಳಿದದ್ದಕ್ಕೆ ಫೈರ್‌ಫಾಕ್ಸ್ ಬ್ರೌಸರ್. ಯೂಟ್ಯೂಬ್, ಒಟಿಟಿ, ವಿಡಿಯೋ ಕರೆ, ಮಕ್ಕಳ ಆನ್‌ಲೈನ್ ಪಾಠ ಎಲ್ಲವೂ ಒಂದೇ ಯಂತ್ರದಲ್ಲಿ. ಬೇರೆ ಯಾವ ದಾರಿಯಲ್ಲೂ ಇಷ್ಟು ಸ್ವಾತಂತ್ರ್ಯ ಸಿಗುವುದಿಲ್ಲ.

ಕೇಬಲ್ ಅಂದರೆ ಸುಲಭ ಅಂತ ಅನ್ನಿಸುತ್ತದೆ ಅಲ್ವಾ? ಮೂರು ಕಡೆ ಜನ ಸಿಕ್ಕಿಹಾಕಿಕೊಳ್ಳುತ್ತಾರೆ.

ಒಂದು, ಧ್ವನಿ. ಚಿತ್ರ ಟಿವಿಯಲ್ಲಿ, ಸದ್ದು ಮಾತ್ರ ಲ್ಯಾಪ್‌ಟಾಪ್ ಸ್ಪೀಕರಿನಲ್ಲಿ. ಇದಕ್ಕೆ ಪ್ಯಾವುಕಂಟ್ರೋಲ್ ಎಂಬ ಧ್ವನಿ ಹೊಂದಿಸುವ ಪ್ರೋಗ್ರಾಮ್ ತೆರೆದು ಕೊನೆಯ ಕಾನ್ಫಿಗರೇಶನ್ ಪುಟಕ್ಕೆ ಹೋಗಿ. ಅಲ್ಲಿ ಅನಲಾಗ್ ಸ್ಟೀರಿಯೋ ಅಂತಿರುತ್ತದೆ. ಅದರ ಮೇಲೆ ಒತ್ತಿದರೆ ಡಿಜಿಟಲ್ ಸ್ಟೀರಿಯೋ ಎಚ್‌ಡಿಎಂಐ ಅನ್ನುವ ಹೆಸರು ಎರಡು ಮೂರು ಸಲ ಕಾಣುತ್ತದೆ, ಹಿಂದೆ 2, 3 ಅಂತ ಅಂಕಿ. ಗಾಬರಿ ಬೇಡ. ಕೆಲವಕ್ಕೆ ಪಕ್ಕದಲ್ಲಿ ಅನ್‌ಪ್ಲಗ್ಡ್ ಅಂತ ಬರೆದಿರುತ್ತದೆ, ಬರೆಯದೇ ಇರುವುದೇ ನಿಮ್ಮ ಟಿವಿ. ಕೇಬಲ್ ಚುಚ್ಚಿ, ಟಿವಿ ಆನ್ ಮಾಡಿ, ಆಮೇಲೆ ಈ ಪಟ್ಟಿ ನೋಡಿ. ಟಿವಿ ಆಫ್ ಇದ್ದರೆ ಎಲ್ಲಾ ಸಾಲೂ ಅನ್‌ಪ್ಲಗ್ಡ್ ಅಂತಲೇ ತೋರಿಸಬಹುದು.

ಎರಡು, ಅಂಚು ಕತ್ತರಿಸಿದ ಚಿತ್ರ. ಕೆಳಗಿನ ಪಟ್ಟಿ ಅರ್ಧ ಮಾಯ, ಮೂಲೆಯ ಮೆನು ಕಾಣುವುದಿಲ್ಲ. ತಪ್ಪು ಲಿನಕ್ಸಿನದಲ್ಲ. ಹಳೆ ಕಾಲದ ಪ್ರಸಾರದ ಅಭ್ಯಾಸದಿಂದ ಟಿವಿ ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ತೋರಿಸುತ್ತದೆ. ಟಿವಿಯ ಚಿತ್ರದ ಅಳತೆ ಮೆನುವಿನಲ್ಲಿ ಎಲ್‌ಜಿ ಆದರೆ ಜಸ್ಟ್ ಸ್ಕ್ಯಾನ್, ಸ್ಯಾಮ್‌ಸಂಗ್ ಆದರೆ ಸ್ಕ್ರೀನ್ ಫಿಟ್ ಅಂತ ಹುಡುಕಿ. ಲ್ಯಾಪ್‌ಟಾಪ್ ಕಡೆ ಅಳತೆ ಬದಲಾಯಿಸಲು ಹೋದರೆ ಅಕ್ಷರಗಳು ಮಸುಕಾಗುತ್ತವೆ, ಹಾಗೆ ಮಾಡಬೇಡಿ.

ಮೂರು, ಎಚ್‌ಡಿಎಂಐ ಇಲ್ಲದ ಲ್ಯಾಪ್‌ಟಾಪ್. ನೀಲಿ ಬಣ್ಣದ ವಿಜಿಎ ಪೋರ್ಟ್ ಮಾತ್ರ ಇದ್ದರೆ ನೆನಪಿಡಿ, ಅದರಲ್ಲಿ ಸದ್ದು ಹೋಗುವುದಿಲ್ಲ. ಟಿವಿಗೂ ವಿಜಿಎ ಇದ್ದರೆ ವಿಜಿಎ ಕೇಬಲ್ ಜೊತೆಗೆ 3.5 ಮಿ.ಮೀ. ಆಡಿಯೋ ಕೇಬಲ್ ಹಾಕಿ. ಟಿವಿಗೆ ಎಚ್‌ಡಿಎಂಐ ಮಾತ್ರ ಇದ್ದರೆ ಪರಿವರ್ತಕ ಬೇಕು. ಅಂಗಡಿಯಲ್ಲಿ ಎರಡು ಬಗೆ ಒಂದೇ ಥರ ಕಾಣುತ್ತವೆ: ಎಚ್‌ಡಿಎಂಐನಿಂದ ವಿಜಿಎಗೆ, ವಿಜಿಎಯಿಂದ ಎಚ್‌ಡಿಎಂಐಗೆ. ತಿರುಗಿಸಿ ಹಾಕಿದರೆ ಕೆಲಸ ಮಾಡುವುದಿಲ್ಲ. ನಿಮಗೆ ಬೇಕಾದ್ದು ಎರಡನೆಯದು. ಅದರಲ್ಲೂ ಯುಎಸ್‌ಬಿ ವೈರು ಮತ್ತು ಆಡಿಯೋ ವೈರು ಎರಡೂ ಇರುವಂಥದ್ದು. "ಇದು ವಿಜಿಎಯಿಂದ ಎಚ್‌ಡಿಎಂಐಗೆ ತಾನೇ?" ಅಂತ ಕೇಳಿಯೇ ದುಡ್ಡು ಕೊಡಿ.

ಇನ್ನು 4ಕೆ ಟಿವಿ ಇರುವವರಿಗೆ ಒಂದು ಮಾತು. ಹಳೆಯ ಲ್ಯಾಪ್‌ಟಾಪುಗಳಲ್ಲಿರುವುದು ಎಚ್‌ಡಿಎಂಐ 1.4. ಅದರಲ್ಲಿ 4ಕೆ ಹೋದರೂ ಸೆಕೆಂಡಿಗೆ 30 ಚಿತ್ರ ಮಾತ್ರ, ಮೌಸ್ ಓಡಿಸುವಾಗಲೇ ಎಳೆದಂತಾಗುತ್ತದೆ. 1080ಪಿ, 60ಕ್ಕೆ ಇಟ್ಟುಬಿಡಿ. ಸೋಫಾದ ಮೇಲಿಂದ ನೋಡುವಾಗ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ, ಎಲ್ಲವೂ ಹಗುರಾಗುತ್ತದೆ.

ಯೂಟ್ಯೂಬ್ ತಡವರಿಸಿದರೆ ಇಂಟರ್‌ನೆಟ್ಟನ್ನು ಬೈಯುವ ಮೊದಲು ಪ್ರೊಸೆಸರ್ ನೆನಪಿಸಿಕೊಳ್ಳಿ. ಯೂಟ್ಯೂಬ್ ಸಾಮಾನ್ಯವಾಗಿ ಕಳಿಸುವುದು ವಿಪಿ9 ಅಥವಾ ಎವಿ1. ಹಳೆ ಯಂತ್ರಕ್ಕೆ ಅದು ಭಾರ. ಫೈರ್‌ಫಾಕ್ಸ್‌ಗೆ ಎಚ್264ಐಫೈ ಎಂಬ ಓಪನ್ ಸೋರ್ಸ್ ಎಕ್ಸ್‌ಟೆನ್ಶನ್ ಇದೆ. ಹಾಕಿದರೆ ಯೂಟ್ಯೂಬ್ ಎಚ್.264 ಕಳಿಸುತ್ತದೆ. 1080ಪಿಗಿಂತ ಮೇಲೆ ಸಿಗುವುದಿಲ್ಲ, ಆದರೆ ಆರಾಮಾಗಿ ಓಡುತ್ತದೆ. 2ರಿಂದ 6ನೇ ತಲೆಮಾರಿನ ಯಂತ್ರಗಳಿಗೆ ಇದಕ್ಕಿಂತ ಒಳ್ಳೆಯ ಔಷಧ ನಾನು ಕಂಡಿಲ್ಲ.

ಕುಳಿತಲ್ಲಿಂದಲೇ ನಡೆಸಲು ಲ್ಯಾಪ್‌ಟಾಪಿಗೂ ಫೋನಿಗೂ ಕೆಡಿಇ ಕನೆಕ್ಟ್ ಎಂಬ ಆ್ಯಪ್ ಹಾಕಿ. ಲ್ಯಾಪ್‌ಟಾಪ್ ಮತ್ತು ಫೋನ್ ಒಂದೇ ವೈಫೈಯಲ್ಲಿದ್ದರೆ ಸಾಕು, ಫೋನಿನ ಪರದೆಯೇ ಟಚ್‌ಪ್ಯಾಡ್, ಅದೇ ಕೀಬೋರ್ಡ್. ಹಾಡು ನಿಲ್ಲಿಸುವುದು, ಸದ್ದು ಕಡಿಮೆ ಮಾಡುವುದು ಎಲ್ಲಾ ಫೋನಿನಿಂದಲೇ. ಮುಚ್ಚಳ ಮುಚ್ಚಿದರೆ ಯಂತ್ರ ಮಲಗುವುದನ್ನು ಪವರ್ ಸೆಟ್ಟಿಂಗ್‌ನಲ್ಲಿ ತಪ್ಪಿಸಿ. ಗಾಳಿ ಹೊರಬರುವ ಜಾಗ ಕೀಬೋರ್ಡ್ ಸಂದಿಯಲ್ಲಿದ್ದರೆ ಮುಚ್ಚಳ ತೆರೆದೇ ಇಡುವುದು ಒಳ್ಳೆಯದು.

ದಾರಿ ಎರಡು: ಲಿಬ್ರೆಎಲೆಕ್ ಹಾಕಿ ಟಿವಿ ಪೆಟ್ಟಿಗೆ ಮಾಡಿಬಿಡಿ

ಕೋಡಿ ಶುರುವಾದದ್ದು ಎಕ್ಸ್‌ಬಾಕ್ಸ್ ಆಟದ ಯಂತ್ರಕ್ಕಾಗಿ. ಎಕ್ಸ್‌ಬಿಎಂಸಿ ಎಂಬ ಹಳೆ ಹೆಸರು ಅಲ್ಲಿಂದ ಬಂದದ್ದು, ಕೋಡಿ ಎಂದಾದದ್ದು 2014ರಲ್ಲಿ. ಲಿಬ್ರೆಎಲೆಕ್ ಅಂದರೆ ಕೋಡಿ ಓಡಿಸುವುದಕ್ಕೆ ಎಷ್ಟು ಬೇಕೋ ಅಷ್ಟೇ ಇರುವ ಪುಟ್ಟ ಲಿನಕ್ಸ್. ಓಪನ್‌ಎಲೆಕ್‌ನಿಂದ 2016ರಲ್ಲಿ ಕವಲೊಡೆಯಿತು. ಯಂತ್ರ ಆನ್ ಮಾಡಿದರೆ ನೇರ ಕೋಡಿಯೇ ತೆರೆಯುತ್ತದೆ. ಡೆಸ್ಕ್‌ಟಾಪ್ ಇಲ್ಲ, ಲಾಗಿನ್ ಇಲ್ಲ, ಅಪ್‌ಡೇಟ್ ಕಿರಿಕಿರಿ ಇಲ್ಲ.

ಇದು ಯಾರಿಗೆ? ಸ್ವಂತ ಸಿನಿಮಾ, ಹಾಡು, ಮದುವೆ ವಿಡಿಯೋ, ಫೋಟೋ ಸಂಗ್ರಹ ದೊಡ್ಡದಾಗಿ ಇರುವವರಿಗೆ. ಮನೆಯಲ್ಲಿ ಹಿರಿಯರಿದ್ದು, ಡೆಸ್ಕ್‌ಟಾಪು ಕಂಡರೆ ಗಾಬರಿಯಾಗುವವರಿದ್ದರೆ ಇದೇ ಸರಿ. ದೊಡ್ಡ ಅಕ್ಷರ, ದೊಡ್ಡ ಚಿತ್ರ, ನಾಲ್ಕು ಬಾಣದ ಗುಂಡಿ, ಓಕೆ. ಅಷ್ಟರಲ್ಲೇ ಎಲ್ಲಾ ನಡೆಯುತ್ತದೆ. ಚಿತ್ರದ ಗುಣಮಟ್ಟದಲ್ಲೂ ಕೋಡಿಗೆ ಒಂದು ಹೆಚ್ಚುಗಾರಿಕೆ ಇದೆ. ಸಿನಿಮಾ ಇರುವುದು ಸೆಕೆಂಡಿಗೆ 24 ಚಿತ್ರ, ಟಿವಿ ತೋರಿಸುವುದು 60. ಲೆಕ್ಕ ಸರಿಹೊಂದದೆ ಕ್ಯಾಮೆರಾ ನಿಧಾನವಾಗಿ ಸರಿಯುವ ದೃಶ್ಯಗಳಲ್ಲಿ ಸಣ್ಣ ಕುಲುಕು ಕಾಣುತ್ತದೆ. ಪ್ಲೇಯರ್ ಸೆಟ್ಟಿಂಗ್‌ನಲ್ಲಿ ರಿಫ್ರೆಶ್ ರೇಟ್ ಹೊಂದಿಸುವ ಆಯ್ಕೆ ಆನ್ ಮಾಡಿದರೆ ಕೋಡಿ ಟಿವಿಯನ್ನೇ 24ಕ್ಕೆ ಬದಲಿಸುತ್ತದೆ, ಸಿನಿಮಾ ಮುಗಿದ ಮೇಲೆ ವಾಪಸ್ 60. ಟಿವಿ ಒಪ್ಪಬೇಕು, ಬಹುತೇಕ ಟಿವಿಗಳು ಒಪ್ಪುತ್ತವೆ.

ಯಾರಿಗೆ ಬೇಡ? ಯೂಟ್ಯೂಬ್ ಮತ್ತು ಒಟಿಟಿ ಮಾತ್ರ ನೋಡುವವರಿಗೆ ಬೇಡವೇ ಬೇಡ. ಇದರಲ್ಲಿ ಸರಿಯಾದ ಬ್ರೌಸರ್ ಇಲ್ಲ. ಕೋಡಿಯ ಯೂಟ್ಯೂಬ್ ಆಡ್‌ಆನ್‌ಗೆ ಗೂಗಲ್‌ನಿಂದ ನಿಮ್ಮದೇ ಎಪಿಐ ಕೀ, ಅಂದರೆ ಗುರುತಿನ ಸಂಕೇತ ಮಾಡಿಸಿ ಹಾಕಬೇಕು. ಮಾಡಬಹುದು, ಆದರೆ ಆ ತಾಪತ್ರಯ ಎಲ್ಲರಿಗೂ ಹಿಡಿಸುವಂಥದ್ದಲ್ಲ. ಇನ್ನೊಂದು, ಕೋಡಿಯ ಜೊತೆ ಸಿನಿಮಾ ಬರುವುದಿಲ್ಲ. "ಎಲ್ಲಾ ಸಿನಿಮಾ ಫ್ರೀ" ಅನ್ನುವ ಆಡ್‌ಆನ್‌ಗಳು ಕೋಡಿ ತಂಡದವಲ್ಲ, ಕಳ್ಳಮಾಲು. ದೂರ ಇಡಿ.

ಲಿಬ್ರೆಎಲೆಕ್‌ನ ಇನ್‌ಸ್ಟಾಲರ್ ಡಿಸ್ಕನ್ನು ಪೂರ್ತಿ ಅಳಿಸುತ್ತದೆ. ಹಳೆ ಫೋಟೋ, ಕಾಗದಪತ್ರ ಇದ್ದರೆ ಮೊದಲು ಬೇರೆ ಕಡೆ ಇಟ್ಟುಕೊಳ್ಳಿ. ಪೆನ್‌ಡ್ರೈವಿನಿಂದಲೇ ಓಡಿಸಿ ನೋಡುವ ಅವಕಾಶವಿದೆ, ಹಾಗೆ ಒಂದೆರಡು ಸಂಜೆ ಬಳಸಿ ನೋಡಿ ಆಮೇಲೆ ತೀರ್ಮಾನಿಸಿ. ಪ್ರೊಸೆಸರ್ 64-ಬಿಟ್ ಆಗಿರಲೇಬೇಕು. ಎನ್‌ವಿಡಿಯಾ ಗ್ರಾಫಿಕ್ಸ್ ಮಾತ್ರ ಇರುವ ಲ್ಯಾಪ್‌ಟಾಪ್ ಆದರೆ ತೊಂದರೆ ಜಾಸ್ತಿ, ದಾರಿ ಒಂದಕ್ಕೇ ಬನ್ನಿ.

ರಿಮೋಟ್ ಬಗ್ಗೆ ಒಂದು ಭ್ರಮೆ ಇದೆ. ರಾಸ್ಪ್‌ಬೆರಿ ಪೈನಲ್ಲಿ ಕೋಡಿ ಹಾಕಿದರೆ ಟಿವಿಯ ರಿಮೋಟೇ ಕೆಲಸ ಮಾಡುತ್ತದೆ, ಎಚ್‌ಡಿಎಂಐನ ಸಿಇಸಿ ಸೌಲಭ್ಯದಿಂದ. ಲ್ಯಾಪ್‌ಟಾಪುಗಳ ಎಚ್‌ಡಿಎಂಐಯಲ್ಲಿ ಸಾಮಾನ್ಯವಾಗಿ ಆ ಸಿಇಸಿ ಜೋಡಿಸಿರುವುದಿಲ್ಲ. ಹಾಗಾಗಿ ಫೋನಿಗೆ ಕೋರೆ ಎಂಬ ಕೋಡಿಯದೇ ಆಂಡ್ರಾಯ್ಡ್ ಆ್ಯಪ್ ಹಾಕಿಕೊಳ್ಳಿ. ಕೋಡಿಯ ಸರ್ವೀಸಸ್ ಮೆನುವಿನಲ್ಲಿ ಎಚ್‌ಟಿಟಿಪಿ ಮೂಲಕ ನಿಯಂತ್ರಿಸಲು ಅನುಮತಿ ಕೊಡಬೇಕು. ಹಿರಿಯರಿಗೆ ಫೋನ್ ರಿಮೋಟ್ ಕಷ್ಟ ಅನ್ನಿಸಿದರೆ ಯುಎಸ್‌ಬಿ ರಿಸೀವರ್ ಜೊತೆ ಬರುವ ಚಿಕ್ಕ ವೈರ್‌ಲೆಸ್ ರಿಮೋಟ್ ತಂದುಕೊಡಿ. ಕೋಡಿ ಅದನ್ನು ಕೀಬೋರ್ಡ್ ಅಂತಲೇ ತಿಳಿಯುತ್ತದೆ.

ದಾರಿ ಮೂರು: ಲ್ಯಾಪ್‌ಟಾಪ್ ಮೂಲೆಯಲ್ಲಿರಲಿ, ಟಿವಿಯೇ ಆಡಿಸಲಿ

ಟಿವಿ ಸ್ಮಾರ್ಟ್ ಆಗಿದ್ದು, ಲ್ಯಾಪ್‌ಟಾಪ್ ತೀರಾ ಹಳೆಯದಾಗಿದ್ದರೆ ಇದು ಜಾಣತನ. ಪರದೆ ಒಡೆದ ಲ್ಯಾಪ್‌ಟಾಪಿಗೂ ಸೈ. ರೂಟರ್ ಪಕ್ಕದಲ್ಲಿ ಇಟ್ಟು ಲ್ಯಾನ್ ಕೇಬಲ್ ಹಾಕಿ. ಹಳೆಯ 100 ಎಂಬಿಪಿಎಸ್ ಪೋರ್ಟ್ ಆದರೂ 1080ಪಿ ಸಿನಿಮಾಗೆ ಧಾರಾಳ.

ಇದರಲ್ಲಿ ಎರಡು ಆಯ್ಕೆ. ಮಿನಿಡಿಎಲ್‌ಎನ್‌ಎ ಫೈಲು ಹಂಚುವ ತೀರಾ ಪುಟ್ಟ ಪ್ರೋಗ್ರಾಮ್. ಯಾವ ಫೋಲ್ಡರ್ ಹಂಚಬೇಕು ಅಂತ ಸೆಟ್ಟಿಂಗ್ ಫೈಲಿನಲ್ಲಿ ಒಂದು ಸಾಲು ಬರೆದರೆ ಮುಗಿಯಿತು. ಟಿವಿಯ ಇನ್‌ಪುಟ್ ಪಟ್ಟಿಯಲ್ಲಿ ಅದರ ಹೆಸರು ತಾನಾಗೇ ಬರುತ್ತದೆ, ಪೆನ್‌ಡ್ರೈವ್ ಚುಚ್ಚಿದ ಹಾಗೆ ಫೋಲ್ಡರ್ ತೆರೆದು ನೋಡಬಹುದು. ಕೋರ್ 2 ಡುಯೋ ಯಂತ್ರಕ್ಕೂ ಇದು ಭಾರವಲ್ಲ. ಆದರೆ ಫೈಲನ್ನು ಇದ್ದ ಹಾಗೇ ಕಳಿಸುತ್ತದೆ. ಟಿವಿಗೆ ಆ ರೂಪ ಬಾರದಿದ್ದರೆ ಅಲ್ಲಿಗೆ ಕೈಚೆಲ್ಲಬೇಕು. ಡಿಟಿಎಸ್ ಧ್ವನಿಯ ಫೈಲುಗಳಲ್ಲಿ ಇದು ಜಾಸ್ತಿ. ಚಿತ್ರ ಬರುತ್ತದೆ, ಸದ್ದು ಬರುವುದಿಲ್ಲ.

ಜೆಲ್ಲಿಫಿನ್ ದೊಡ್ಡ ವ್ಯವಸ್ಥೆ. ಎಂಬಿ ಎಂಬ ಫೈಲು ಹಂಚುವ ಸರ್ವರ್ ಸಾಫ್ಟ್‌ವೇರ್ ತನ್ನ ಮೂಲ ಕೋಡನ್ನು ಮುಚ್ಚಿಕೊಂಡಾಗ 2018ರ ಡಿಸೆಂಬರಿನಲ್ಲಿ ಅದರಿಂದ ಬೇರ್ಪಟ್ಟು ಹುಟ್ಟಿದ್ದು. ಪೋಸ್ಟರ್, ಕಥೆ, ಎಲ್ಲಿವರೆಗೆ ನೋಡಿದ್ದಿರಿ ಎಂಬ ನೆನಪು, ಮನೆಯ ಒಬ್ಬೊಬ್ಬರಿಗೆ ಒಂದೊಂದು ಖಾತೆ, ಮಕ್ಕಳಿಗೆ ಬೇರೆ ಮಿತಿ, ಎಲ್ಲಾ ಇದೆ. ಆಂಡ್ರಾಯ್ಡ್ ಟಿವಿಗೂ ಎಲ್‌ಜಿಯ ವೆಬ್‌ಓಎಸ್‌ಗೂ ಆ್ಯಪ್ ಇದೆ. ಬೇರೆ ಟಿವಿ ಆದರೆ ಅದರ ಆ್ಯಪ್ ಅಂಗಡಿಯಲ್ಲಿ ಮೊದಲು ಹುಡುಕಿ ನೋಡಿ, ಆಮೇಲೆ ಈ ದಾರಿ ಹಿಡಿಯಿರಿ. ಫೋನ್, ಟ್ಯಾಬ್‌ನಲ್ಲಿ ಬ್ರೌಸರಿನಿಂದಲೂ ನೋಡಬಹುದು, ಲ್ಯಾಪ್‌ಟಾಪಿನ ಐಪಿ ವಿಳಾಸದ ಕೊನೆಗೆ :8096 ಎಂದು ಪೋರ್ಟ್ ಸಂಖ್ಯೆ ಹಾಕಿದರೆ ಆಯಿತು.

ಜೆಲ್ಲಿಫಿನ್ ಹೊಗಳುವವರು ಒಂದು ವಿಷಯ ಸ್ಪಷ್ಟವಾಗಿ ಹೇಳುವುದಿಲ್ಲ. ಟಿವಿಗೆ ಬಾರದ ಫೈಲನ್ನು ಅದು ಅಲ್ಲೇ ಬೇರೆ ರೂಪಕ್ಕೆ ಬದಲಿಸಿ ಕಳಿಸುತ್ತದೆ ನಿಜ. ಆದರೆ ಬದಲಿಸುವುದು ಅಂದರೆ ಬಿಚ್ಚಿ ಮತ್ತೆ ಒತ್ತುವುದು, ಎರಡು ಪಟ್ಟು ಕೆಲಸ. ನೇರವಾಗಿ ತೋರಿಸಲೇ ತಡವರಿಸುವ ಲ್ಯಾಪ್‌ಟಾಪ್ ಇದನ್ನು ಮಾಡಲಾರದು. ಹಳೆ ಯಂತ್ರದಲ್ಲಿ ಜೆಲ್ಲಿಫಿನ್ ಚೆನ್ನಾಗಿ ನಡೆಯುವುದು ಟಿವಿ ಫೈಲನ್ನು ಇದ್ದಂತೆ ತೆಗೆದುಕೊಂಡಾಗ ಮಾತ್ರ. ಡೈರೆಕ್ಟ್ ಪ್ಲೇ ಅನ್ನುವುದು ಇದನ್ನೇ. ಸಿನಿಮಾ ಓಡುತ್ತಿರುವಾಗ ಜೆಲ್ಲಿಫಿನ್ ಡ್ಯಾಶ್‌ಬೋರ್ಡ್ ತೆರೆದರೆ ಡೈರೆಕ್ಟ್ ಪ್ಲೇಯೋ ಟ್ರಾನ್ಸ್‌ಕೋಡಿಂಗೋ (ರೂಪ ಬದಲಿಸುವುದೋ) ಅಂತ ಕಾಣುತ್ತದೆ. ಚಿತ್ರರೂಪದ ಸಬ್‌ಟೈಟಲ್ ಆನ್ ಮಾಡಿದರೂ ಟ್ರಾನ್ಸ್‌ಕೋಡಿಂಗ್ ಶುರುವಾಗಬಹುದು. ಎಸ್‌ಆರ್‌ಟಿ ಫೈಲಿನ ಸಬ್‌ಟೈಟಲ್ ಬಳಸಿದರೆ ಸಾಮಾನ್ಯವಾಗಿ ಈ ಗೋಳು ಇರುವುದಿಲ್ಲ.

ದಾರಿ ನಾಲ್ಕು: ವೈರಿಲ್ಲದೆ

ಗ್ನೋಮ್ ನೆಟ್‌ವರ್ಕ್ ಡಿಸ್ಪ್ಲೇಸ್ ಎಂಬ ಸಾಫ್ಟ್‌ವೇರಿನಿಂದ ಮಿರಾಕಾಸ್ಟ್ ಎಂಬ ವೈಫೈ ವಿಧಾನದ ಮೂಲಕ ಲ್ಯಾಪ್‌ಟಾಪಿನ ಪರದೆಯನ್ನು ಟಿವಿಗೆ ಕಳಿಸಬಹುದು. ಹಳೆಯ ವೈಫೈ ಕಾರ್ಡುಗಳಲ್ಲಿ ಇದು ಸಿಕ್ಕರೆ ಸಿಕ್ಕಿತು ಅನ್ನುವ ಹಾಗೆ. ಯಾರಿಗೋ ಒಂದು ಪ್ರೆಸೆಂಟೇಶನ್ ತೋರಿಸಲು ಸರಿ, ದಿನಾ ಸಿನಿಮಾ ನೋಡಲು ಬೇಡ. ಟಿವಿಯಲ್ಲಿ ಗೂಗಲ್ ಕಾಸ್ಟ್ ಇದ್ದರೆ ವಿಎಲ್‌ಸಿಯ ಪ್ಲೇಬ್ಯಾಕ್ ಮೆನುವಿನಲ್ಲಿರುವ ರೆಂಡರರ್ ಎಂಬ ಆಯ್ಕೆಯಿಂದ ಫೈಲನ್ನು ಟಿವಿಗೆ ಕಳಿಸಬಹುದು, ಪರವಾಗಿಲ್ಲ. 2018ರ 3.0 ಆವೃತ್ತಿಯಿಂದ ಇದೆ. ಅಪರೂಪಕ್ಕೊಂದು ಫೈಲ್ ತೋರಿಸಲು ಸಾಕು.

ಕನ್ನಡದ ಅಕ್ಷರ, ಒಟಿಟಿಯ ಮಿತಿ

ಕನ್ನಡ ಸಬ್‌ಟೈಟಲ್ ಅಥವಾ ಕನ್ನಡದಲ್ಲಿ ಹೆಸರಿಟ್ಟ ಫೈಲುಗಳಿದ್ದರೆ ದಾರಿಗಳ ನಡುವಿನ ವ್ಯತ್ಯಾಸ ಇಲ್ಲಿ ಕಣ್ಣಿಗೆ ಹೊಡೆಯುತ್ತದೆ. ಡೆಬಿಯನ್, ಉಬುಂಟು, ಮಿಂಟ್‌ನಂಥ ಲಿನಕ್ಸ್‌ಗಳಲ್ಲಿ ಕನ್ನಡದ ಫಾಂಟುಗಳ ಪ್ಯಾಕೇಜುಗಳಿವೆ, ಲೋಹಿತ್, ಗುಬ್ಬಿ, ನವಿಲು ಹೀಗೆ. ಹಾಕಿಕೊಂಡರೆ ಎಂಪಿವಿಯಲ್ಲಿ ಒತ್ತಕ್ಷರ ಸಮೇತ ಸರಿಯಾಗಿ ಮೂಡುತ್ತದೆ. ಕೋಡಿಯಲ್ಲಿ ಮೊದಲಿಗೆ ಚೌಕಗಳು ಕಂಡರೆ ಕನ್ನಡ ಫಾಂಟ್ ಫೈಲನ್ನು ಅದರ ಮೀಡಿಯಾ ಫೋಲ್ಡರಿನ ಫಾಂಟ್ಸ್ ಒಳಗೆ ಹಾಕಿ, ಸಬ್‌ಟೈಟಲ್ ಸೆಟ್ಟಿಂಗ್‌ನಲ್ಲಿ ಆರಿಸಿಕೊಳ್ಳಿ. ದಾರಿ ಮೂರರಲ್ಲಿ ಅಕ್ಷರ ಬರೆಯುವುದು ಟಿವಿ. ಅದರಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ನೀವು ಮಾಡಬಹುದಾದ್ದು ಕಡಿಮೆ. ಕನ್ನಡ ಸಬ್‌ಟೈಟಲ್ ಮುಖ್ಯ ಅನ್ನುವವರು ಕೇಬಲ್ ದಾರಿಗೇ ಬನ್ನಿ.

ಒಟಿಟಿ ವಿಷಯದಲ್ಲಿ ಆಸೆ ಕಡಿಮೆ ಇರಲಿ. ಅವು ಬಳಸುವ ವೈಡ್‌ವೈನ್ ಎಂಬ ಬೀಗ ಓಪನ್ ಸೋರ್ಸ್ ಅಲ್ಲ. ಲಿನಕ್ಸ್ ಬ್ರೌಸರಿನಲ್ಲಿ ಅದು ಕೆಳಹಂತದಲ್ಲೇ ಕೆಲಸ ಮಾಡುವುದರಿಂದ ಒಟಿಟಿಗಳು 4ಕೆ ಕೊಡುವುದಿಲ್ಲ. ದುಡ್ಡು ಕೊಟ್ಟು 4ಕೆ ಚಂದಾ ಮಾಡಿಸಿದ್ದರೆ ಅದನ್ನು ಟಿವಿಯ ಆ್ಯಪಿನಲ್ಲೇ ನೋಡಿ.

ಹಾಗಾದರೆ ಯಾವುದು?

ಸಾದಾ ಟಿವಿ, 2ನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಲ್ಯಾಪ್‌ಟಾಪ್, ಯೂಟ್ಯೂಬ್ ಮುಖ್ಯ: ಕೇಬಲ್ ಮತ್ತು ಮಿಂಟ್. ಸಾದಾ ಟಿವಿ, ಸ್ವಂತ ಸಂಗ್ರಹ, ಹಿರಿಯರು ಬಳಸುತ್ತಾರೆ: ಲಿಬ್ರೆಎಲೆಕ್. ಸ್ಮಾರ್ಟ್ ಟಿವಿ, ತೀರಾ ಹಳೆ ಲ್ಯಾಪ್‌ಟಾಪ್: ಮಿನಿಡಿಎಲ್‌ಎನ್‌ಎ. ಎರಡು ಮೂರು ಟಿವಿ, ಫೋನುಗಳು, ಒಬ್ಬೊಬ್ಬರದು ಒಂದೊಂದು ರುಚಿ: ಜೆಲ್ಲಿಫಿನ್. 32-ಬಿಟ್ ಪ್ರೊಸೆಸರಿನ ಯಂತ್ರ ಆದರೆ ಆಂಟಿಎಕ್ಸ್‌ನಂಥ ಹಗುರ ಲಿನಕ್ಸ್ ಓಡುತ್ತದೆ, ಹಾಡು ಕೇಳಲು ಇಟ್ಟುಕೊಳ್ಳಿ. ವಿಡಿಯೋಗೆ ಅದನ್ನು ಹಿಂಸಿಸಬೇಡಿ. 2025ರ ಡೆಬಿಯನ್ 13 ಕೂಡ 32-ಬಿಟ್ ಇನ್‌ಸ್ಟಾಲರ್ ಕೈಬಿಟ್ಟಿದೆ.

ಕರೆಂಟಿನ ಲೆಕ್ಕವೂ ಸೇರಲಿ. ಲ್ಯಾಪ್‌ಟಾಪ್ 20 ವ್ಯಾಟ್ ಎಳೆಯುತ್ತದೆ ಅಂತಿಟ್ಟುಕೊಳ್ಳಿ. ದಿನಕ್ಕೆ ಮೂರು ಗಂಟೆ ಬಳಸಿದರೆ ತಿಂಗಳಿಗೆ 1.8 ಯೂನಿಟ್. ಸರ್ವರ್ ಮಾಡಿ 24 ಗಂಟೆ ಇಟ್ಟರೆ 14.4 ಯೂನಿಟ್. ದಾರಿ ಮೂರು ಹಿಡಿಯುವವರು ರಾತ್ರಿ ಆಫ್ ಮಾಡುವ ಅಭ್ಯಾಸ ಇಟ್ಟುಕೊಳ್ಳಿ.

ಕೊನೆಗೆ ಬ್ಯಾಟರಿ. ಕರೆಂಟ್ ಹೋದಾಗ ಲ್ಯಾಪ್‌ಟಾಪ್ ತಟಕ್ಕನೆ ಆಫ್ ಆಗದೆ ಫೈಲುಗಳು ಉಳಿಯುವುದು ಬ್ಯಾಟರಿಯಿಂದ, ಅದು ಒಳ್ಳೆಯದೇ. ಆದರೆ ಹಳೆ ಬ್ಯಾಟರಿಯನ್ನು ಹಗಲೂ ರಾತ್ರಿ ಪೂರ್ತಿ ಚಾರ್ಜಿನಲ್ಲಿ ಇಟ್ಟರೆ ಊದಿಕೊಳ್ಳುವ ಅಪಾಯ ಇದೆ. ಟಚ್‌ಪ್ಯಾಡ್ ಉಬ್ಬಿದೆಯಾ, ತಳಭಾಗ ಮೇಜಿನ ಮೇಲೆ ಅಲ್ಲಾಡುತ್ತಿದೆಯಾ ಅಂತ ಜೋಡಿಸುವ ಮೊದಲೇ ನೋಡಿ. ಉಬ್ಬಿದ್ದರೆ ಆ ಬ್ಯಾಟರಿ ಬಳಸಲೇಬೇಡಿ. ರಿಪೇರಿ ಅಂಗಡಿಯಲ್ಲಿ ತೆಗೆಸಿ, ಇ-ತ್ಯಾಜ್ಯಕ್ಕೆ ಕೊಡಿ, ಕಸದ ಬುಟ್ಟಿಗೆ ಬೇಡ. ಸರಿಯಾಗಿದ್ದು, ಥಿಂಕ್‌ಪ್ಯಾಡ್‌ನಂಥ ಯಂತ್ರವಾಗಿದ್ದರೆ ಟಿಎಲ್‌ಪಿ ಎಂಬ ಸಾಫ್ಟ್‌ವೇರಿನಲ್ಲಿ ಚಾರ್ಜ್ ಶೇ. 80ಕ್ಕೆ ನಿಲ್ಲುವಂತೆ ಮಾಡಬಹುದು. ಆ ಸೌಲಭ್ಯ ಇಲ್ಲದ, ಬ್ಯಾಟರಿ ಕಳಚಲು ಬರುವ ಯಂತ್ರವಾದರೆ ಕಳಚಿಟ್ಟು ನೇರ ಅಡಾಪ್ಟರ್‌ನಲ್ಲಿ ಓಡಿಸಿ.